ತೋಪು ಗೆದ್ದುಕೊಟ್ಟಿತು, ದಫ್ತರ ಉಳಿಸಿಕೊಂಡಿತು: ಆಟೊಮನ್, ಸಫಾವಿ, ಮೊಘಲರ ಕತೆ

ವಿಜಯಪುರದ ಕೋಟೆಯ ಪಶ್ಚಿಮ ಗೋಡೆಯ ಮೇಲೆ, ಷೇರ್ಜಾ ಬುರುಜಿನಲ್ಲಿ, ಮಲಿಕ್-ಎ-ಮೈದಾನ್ ತೋಪು ಇದೆ. ತೂಕ ಸುಮಾರು 55 ಟನ್. ತೋಪಿನ ಬಾಯಿಗೆ ಸಿಂಹದ ಮುಖ ಕೊಟ್ಟಿದ್ದಾರೆ, ಅದರ ಹಲ್ಲುಗಳ ನಡುವೆ ಒಂದು ಆನೆ ಸಿಕ್ಕಿಹಾಕಿಕೊಂಡಿದೆ. ಬಂದವರು ಅದರ ಮೈ ಸವರಿ, ಫೋಟೊ ತೆಗೆಸಿಕೊಂಡು, ಗೋಳಗುಮ್ಮಟದ ಕಡೆ ಹೊರಡುತ್ತಾರೆ. ತೋಪಿನ ಮೇಲಿನ ಬರಹಗಳ ಕಡೆ ಗಮನ ಕೊಡುವವರು ಕಡಿಮೆ. ಕೊಟ್ಟರೆ ಮಜಾ ಇದೆ.

ಎರಕ ಹೊಯ್ದವನ ಹೆಸರು ಮಹಮ್ಮದ್ ಬಿನ್ ಹಸನ್ ರೂಮಿ. ಹೊಯ್ದದ್ದು 1549ರಲ್ಲಿ, ಅಹ್ಮದ್‌ನಗರದಲ್ಲಿ. ರೂಮಿ ಅಂದರೆ ಆಟೊಮನ್ ಸುಲ್ತಾನರ ಸೀಮೆಯವನು, ಈಗಿನ ಟರ್ಕಿ ಕಡೆಯವನು. ಮಾಡಿಸಿದ ಅಲ್ಲಿನ ಸುಲ್ತಾನ ನಿಜಾಮ್ ಷಾ ತನ್ನನ್ನು ಪ್ರವಾದಿಯ ಮನೆತನದ ಸೇವಕ ಎಂದು ಕರೆದುಕೊಂಡಿದ್ದಾನೆ. ಇದು ಷಿಯಾ ಪಂಥದವರ ಮಾತಿನ ಧಾಟಿ. ಆಗ ಆ ಪಂಥಕ್ಕೆ ದೊಡ್ಡ ಆಸರೆ ಇರಾನಿನ ಸಫಾವಿ ಷಾಗಳು. ಇನ್ನೊಂದು ಬರಹ ಔರಂಗಜೇಬನದು. 1686ರಲ್ಲಿ ಬಿಜಾಪುರ ಗೆದ್ದ ಮೇಲೆ, ಈ ತೋಪೂ ನನ್ನ ಕೈವಶವಾಯಿತು ಎಂದು ಆತ ಕೆತ್ತಿಸಿದ. ಒಂದೇ ಕಂಚಿನ ಮೈಮೇಲೆ ಮೂರು ಸಾಮ್ರಾಜ್ಯಗಳ ಗುರುತು.

ಆ ಮೂರೂ ಬೆಳೆದದ್ದು ಹೆಚ್ಚುಕಮ್ಮಿ ಒಂದೇ ಕಾಲದಲ್ಲಿ. ಆಟೊಮನ್ನರು 1300ರ ಸುಮಾರಿಗೆ ಒಂದು ಚಿಕ್ಕ ಗಡಿನಾಡಿನಿಂದ ಶುರುಮಾಡಿ 1453ರಲ್ಲಿ ಕಾನ್‌ಸ್ಟಾಂಟಿನೋಪಲ್, ಅಂದರೆ ಈಗಿನ ಇಸ್ತಾಂಬುಲ್, ಹಿಡಿದರು. ಸಫಾವಿಗಳು 1501ರಲ್ಲಿ ತಬ್ರೀಜ್ ನಗರದಲ್ಲಿ ಪಟ್ಟ ಕಟ್ಟಿಕೊಂಡರು. ಮೊಘಲರು 1526ರಲ್ಲಿ ದೆಹಲಿಗೆ ಬಂದರು. 1600ರ ಹೊತ್ತಿಗೆ ಹಂಗೆರಿಯಿಂದ ಬಂಗಾಳದವರೆಗೆ ಉದ್ದಕ್ಕೂ ಇವರದ್ದೇ ಆಳ್ವಿಕೆ. ಇತಿಹಾಸದ ಪಾಠಗಳಲ್ಲಿ ಇವಕ್ಕೆ 'ಸಿಡಿಮದ್ದಿನ ಸಾಮ್ರಾಜ್ಯಗಳು' ಅನ್ನುವ ಹೆಸರು ಚಾಲ್ತಿಗೆ ಬಂತು. ತೋಪು, ಕೋವಿ ಇದ್ದವು, ಅದಕ್ಕೇ ಗೆದ್ದರು ಅನ್ನುವ ವಾದ. ಕೇಳಲು ಚೆನ್ನಾಗಿದೆ. ಆದರೆ ಅರ್ಧ ಮಾತ್ರ ನಿಜ.

ಮೊದಲು ನಿಜವಾದ ಅರ್ಧ ನೋಡೋಣ.

ಕಾನ್‌ಸ್ಟಾಂಟಿನೋಪಲ್‌ನ ಗೋಡೆ ಸಾವಿರ ವರ್ಷ ಹಳೆಯದು. ಎಷ್ಟೋ ಮುತ್ತಿಗೆಗಳನ್ನು ತಡೆದಿತ್ತು. ಓರ್ಬನ್ ಎಂಬ ಹಂಗೆರಿಯ ಕಡೆಯ ಎರಕದವನು ಮೊದಲು ಹೋಗಿದ್ದು ಆ ನಗರದ ಚಕ್ರವರ್ತಿಯ ಹತ್ತಿರವೇ. ಚಕ್ರವರ್ತಿಯ ಹತ್ತಿರ ಕೊಡಲು ದುಡ್ಡಿರಲಿಲ್ಲ. ಓರ್ಬನ್ ನೆಟ್ಟಗೆ ಸುಲ್ತಾನ ಎರಡನೇ ಮೆಹಮದ್ ಕಡೆ ನಡೆದ. ಸುಲ್ತಾನನಿಗೆ ಆಗ 20 ದಾಟಿತ್ತಷ್ಟೆ. ಕೇಳಿದ್ದಕ್ಕಿಂತ ಜಾಸ್ತಿಯೇ ಕೊಟ್ಟ. ಆಗಿನ ಆಟೊಮನ್ ರಾಜಧಾನಿ ಎದಿರ್ನೆಯಲ್ಲಿ ಎರಕವಾದ ಆ ಭಾರೀ ತೋಪನ್ನು ಎತ್ತುಗಳ ಸಾಲು ಎಳೆದು ತಂದಿತು. ದಿನಕ್ಕೆ ಏಳೆಂಟು ಗುಂಡು ಹಾರಿಸುವುದೇ ಹೆಚ್ಚು, ಅಷ್ಟರಲ್ಲಿ ತೋಪು ಕಾದುಹೋಗುತ್ತಿತ್ತು. ಆದರೂ 1453ರ ಮೇ 29ರಂದು ನಗರ ಬಿತ್ತು. ಅದರ ಜೊತೆಗೆ ಹಡಗುಗಳನ್ನು ನೆಲದ ಮೇಲೆ ಎಳೆಸಿ ಬಂದರಿನೊಳಗೆ ಇಳಿಸಿದ ಉಪಾಯವೂ ಕೆಲಸ ಮಾಡಿತು ಅನ್ನುವುದನ್ನು ಮರೆಯಬಾರದು.

ದೊಡ್ಡ ತೋಪಿಗಿಂತ ನನಗೆ ಕುತೂಹಲ ಹುಟ್ಟಿಸುವುದು ಗಾಡಿಗಳು. 1420ರ ದಶಕದಲ್ಲಿ ಬೊಹೀಮಿಯಾದ, ಅಂದರೆ ಈಗಿನ ಚೆಕ್ ದೇಶದ, ಬಂಡಾಯದ ರೈತರು ಗಾಡಿಗಳನ್ನು ಒಂದಕ್ಕೊಂದು ಕಟ್ಟಿ ಅದರ ಹಿಂದೆ ಕೋವಿ ಹಿಡಿದು ನಿಂತರು. ಕುದುರೆ ಸವಾರರು ಅದನ್ನು ಹಾರಿ ಬರಲಾಗಲಿಲ್ಲ. ಹಂಗೆರಿಯವರು ಇದನ್ನು ಕಲಿತರು. ಅವರೊಡನೆ ಕಾದಾಡಿ ಆಟೊಮನ್ನರು ಕಲಿತರು. 1514ರಲ್ಲಿ ಚಾಲ್ದಿರಾನ್ ಬಯಲಿನಲ್ಲಿ ಸುಲ್ತಾನ್ ಸೆಲೀಮ್ ಇದೇ ಗಾಡಿ ಸಾಲು, ತೋಪು, ಕೋವಿಗಳಿಂದ ಸಫಾವಿ ಷಾ ಇಸ್ಮಾಯಿಲನ ಸವಾರರನ್ನು ಬಗ್ಗುಬಡಿದ. 12 ವರ್ಷಗಳ ನಂತರ ಪಾಣಿಪತ್‌ನಲ್ಲಿ ಬಾಬರ್ 700 ಗಾಡಿಗಳನ್ನು ತಂದು, ಹಸಿ ಚರ್ಮದ ಮಿಣಿಯಿಂದ ಒಂದಕ್ಕೊಂದು ಬಿಗಿಸಿದ. ಎರಡೆರಡು ಗಾಡಿಗಳ ನಡುವೆ ಐದಾರು ಮರೆಹಲಗೆ, ಅದರ ಹಿಂದೆ ಕೋವಿಯವರು. ಇದನ್ನು ಮಾಡಿದ್ದು 'ರೂಮಿಗಳ ಪದ್ಧತಿಯಂತೆ' ಎಂದು ಅವನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅವನ ಜೊತೆ ಇದ್ದ ಗಾಡಿ ತೋಪಿನ ಮುಖ್ಯಸ್ಥನ ಹೆಸರು ಮುಸ್ತಫಾ ರೂಮಿ. ಎರಡು ವರ್ಷ ಕಳೆದು, 1528ರಲ್ಲಿ, ಚಾಲ್ದಿರಾನ್‌ನಲ್ಲಿ ಸೋತಿದ್ದ ಇಸ್ಮಾಯಿಲನ ಮಗ ತಹಮಾಸ್ಪ್ ಕೂಡ ಗಾಡಿ ಸಾಲು ಕಟ್ಟಿ ಉಜ್ಬೆಕ್ಕರನ್ನು ಸೋಲಿಸಿದ. ಸುಮಾರು ನೂರು ವರ್ಷದಲ್ಲಿ ಒಂದು ಯುಕ್ತಿ ಪ್ರಾಗ್‌ನಿಂದ ಪಾಣಿಪತ್‌ಗೆ ಬಂತು. ಕಲಿಸಿದವರು ಬಹುಪಾಲು ಶತ್ರುಗಳೇ.

ಹಾಗಾದರೆ ತೋಪಿದ್ದವನು ರಾಜ್ಯ ಆಳಿದ ಅನ್ನೋಣವೇ? ಚಾಲ್ದಿರಾನ್ ಗೆದ್ದ ಸೆಲೀಮ್ ಸಫಾವಿಗಳ ರಾಜಧಾನಿ ತಬ್ರೀಜ್‌ಗೇ ನುಗ್ಗಿದ. ಆದರೆ ಅಲ್ಲಿ ಚಳಿಗಾಲ ಕಳೆಯಲು ಅವನ ಸೈನಿಕರೇ ಒಪ್ಪಲಿಲ್ಲ. ಗಂಟುಮೂಟೆ ಕಟ್ಟಿಕೊಂಡು ವಾಪಸಾದ. ಸೋತ ಸಫಾವಿಗಳು ಇನ್ನೂ ಇನ್ನೂರು ವರ್ಷ ಆಳಿದರು. ಇನ್ನು ಬಾಬರನ ಮಗ ಹುಮಾಯೂನನನ್ನು ನೋಡಿ. 1540ರಲ್ಲಿ ಕನೌಜ್‌ನಲ್ಲಿ ಅವನ ಹತ್ತಿರ ಬೇಕಾದಷ್ಟು ತೋಪುಗಳಿದ್ದವು. ಗೆದ್ದವನು ಶೇರ್ ಷಾ. ಬಿಹಾರದ ಸಸಾರಾಮ್‌ನಲ್ಲಿ ಅಪ್ಪನ ಜಹಗೀರಿನ ಹಳ್ಳಿಗಳ ಲೆಕ್ಕ ನೋಡಿಕೊಂಡು ಬೆಳೆದ ಅಫ್ಘಾನ್ ಯುವಕ. ಹೊಲ ಅಳೆಯುವುದು, ಬೆಳೆಗೆ ದರ ಕಟ್ಟುವುದು, ಪಟೇಲನ ಆಟ ಹಿಡಿಯುವುದು ಎಲ್ಲ ಅಲ್ಲೇ ಕಲಿತದ್ದು. ತೋಪಿನವನು ದೇಶ ಬಿಟ್ಟು ಇರಾನಿಗೆ ಓಡಿದ, ಲೆಕ್ಕದವನು ದೆಹಲಿಯಲ್ಲಿ ಕೂತ.

ನಾನು ಹೇಳಹೊರಟದ್ದೂ ಇದನ್ನೇ. ಈ ಮೂರು ರಾಜ್ಯಗಳ ನಿಜವಾದ ಸಾಧನೆ ಇರುವುದು ಆಯುಧ ಹಿಡಿದವರನ್ನು ಸಾಕಿ, ಹದ್ದುಬಸ್ತಿನಲ್ಲಿ ಇಟ್ಟುಕೊಂಡದ್ದರಲ್ಲಿ.

ಮೂರೂ ಮನೆತನಗಳ ಹಿಂದೆ ಇದ್ದ ಕಷ್ಟ ಒಂದೇ. ಮಧ್ಯ ಏಷ್ಯಾದಿಂದ ಬಂದ ತುರ್ಕಿ, ಮಂಗೋಲ್ ಸಂಪ್ರದಾಯದಲ್ಲಿ ರಾಜ ಅಂದರೆ ಸರದಾರರಲ್ಲಿ ಮೊದಲಿಗ ಅಷ್ಟೆ. ಪ್ರತಿ ಸರದಾರನಿಗೂ ತನ್ನದೇ ಕುಲ, ಕುದುರೆ, ಸವಾರರು. ರಾಜ ಸತ್ತರೆ ಮಕ್ಕಳು ರಾಜ್ಯ ಹಂಚಿಕೊಳ್ಳುವುದು ರೂಢಿ. ತೈಮೂರ್ ದೆಹಲಿಯಿಂದ ಅಂಕಾರಾದವರೆಗೆ ಎಲ್ಲರನ್ನೂ ಸೋಲಿಸಿದ, 1405ರಲ್ಲಿ ಸತ್ತ, ಅವನ ರಾಜ್ಯ ಹರಿದು ಹಂಚಿಹೋಯಿತು. ಗೆಲ್ಲುವುದು ಇವರಿಗೆಲ್ಲ ಗೊತ್ತಿತ್ತು. ಗೆದ್ದದ್ದು ಮೊಮ್ಮಗನ ಕಾಲಕ್ಕೂ ಉಳಿಯಬೇಕಲ್ವಾ?

ಆಟೊಮನ್ನರು ಕಂಡುಕೊಂಡ ದಾರಿ ಕಠೋರವಾದದ್ದು. ಬಾಲ್ಕನ್ ಪ್ರದೇಶದ ಕ್ರೈಸ್ತ ಹಳ್ಳಿಗಳಿಂದ ಕೆಲವು ವರ್ಷಕ್ಕೊಮ್ಮೆ ಗಂಡುಹುಡುಗರನ್ನು ಎತ್ತಿಕೊಂಡು ಬರುತ್ತಿದ್ದರು. ಇದಕ್ಕೆ ದೆವ್‌ಶಿರ್ಮೆ ಎಂದು ಹೆಸರು. ಹುಡುಗರನ್ನು ಮುಸ್ಲಿಮರನ್ನಾಗಿ ಮಾಡಿ, ಭಾಷೆ ಕಲಿಸಿ, ಹೆಚ್ಚಿನವರನ್ನು ಜಾನಿಸರಿ ಎಂಬ ಸಂಬಳದ ಕಾಲಾಳು ಪಡೆಗೆ ಸೇರಿಸುತ್ತಿದ್ದರು. ಚುರುಕಾದವರು ಅರಮನೆಯ ಶಾಲೆಗೆ. ಕುಲವಿಲ್ಲ, ಊರಿಲ್ಲ, ಸುಲ್ತಾನನೇ ಎಲ್ಲ. ಹೆತ್ತವರ ಪಾಡು ಏನಾಗಿದ್ದೀತು ಅಂತ ಯೋಚಿಸಿದರೆ ಹೊಟ್ಟೆ ಕಿವುಚುತ್ತದೆ. ಅದೇ ವ್ಯವಸ್ಥೆಯಿಂದ ಬೋಸ್ನಿಯಾ ಕಡೆಯ ಹುಡುಗನೊಬ್ಬ ಸೊಕೊಲ್ಲು ಮೆಹಮದ್ ಪಾಷಾ ಆಗಿ 1565ರಿಂದ 1579ರವರೆಗೆ ಮೂವರು ಸುಲ್ತಾನರಿಗೆ ಪ್ರಧಾನ ವಜೀರನಾದ. 1557ರಲ್ಲಿ ಇಸ್ತಾಂಬುಲ್‌ನ ಸುಲೈಮಾನಿಯೆ ಮಸೀದಿ ಕಟ್ಟಿ ಮುಗಿಸಿದ ಸಿನಾನ್ ಕೂಡ ಹಾಗೆ ಬಂದವನೇ. ಸವಾರರಿಗೆ ಮಾತ್ರ ಬೇರೆ ಏರ್ಪಾಡು. ಹಳ್ಳಿಯೊಂದರ ಕಂದಾಯ ತಿನ್ನುವ ಹಕ್ಕು, ಬದಲಿಗೆ ಕರೆದಾಗ ಕುದುರೆ ಸಮೇತ ಬರಬೇಕು. ಯಾವ ಹಳ್ಳಿಯಲ್ಲಿ ಎಷ್ಟು ಮನೆ, ಎಷ್ಟು ಗಿರಣಿ, ಎಷ್ಟು ಜೇನುಗೂಡು ಎಂದು ಬರೆದಿಟ್ಟ ದಫ್ತರಗಳು ಇಸ್ತಾಂಬುಲ್‌ನಲ್ಲಿ ಈಗಲೂ ಇವೆ.

ಸಫಾವಿಗಳ ದಾರಿ ವಿಚಿತ್ರ. ಅವರು ಮೂಲದಲ್ಲಿ ರಾಜರೇ ಅಲ್ಲ, ಅರ್ದಬೀಲ್ ಊರಿನ ಸೂಫಿ ಗುರುಮನೆತನ. ಕೆಂಪು ಟೋಪಿಯ ಶಿಷ್ಯರಿಗೆ ಕಿಜಿಲ್‌ಬಾಷ್ ಎಂದು ಹೆಸರು. ಹದಿನಾಲ್ಕು ವರ್ಷದ ಗುರು ಇಸ್ಮಾಯಿಲನನ್ನು ಅವರು ದೇವರಂತೆ ನಂಬಿದ್ದರು, ಅವನಿಗೆ ಸೋಲೇ ಇಲ್ಲ ಅಂದುಕೊಂಡಿದ್ದರು. ಚಾಲ್ದಿರಾನ್ ಆ ನಂಬಿಕೆಗೆ ಪೆಟ್ಟು ಕೊಟ್ಟಿತು. ಇಸ್ಮಾಯಿಲ್ ಮತ್ತೆ ಸ್ವತಃ ಯುದ್ಧಕ್ಕೆ ಇಳಿಯಲಿಲ್ಲ, 1524ರಲ್ಲಿ ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡ. ಆಮೇಲೆ ಇದೇ ಶಿಷ್ಯರು ಬಾಲರಾಜನನ್ನು ಕೂರಿಸಿಕೊಂಡು ತಮ್ಮತಮ್ಮಲ್ಲೇ ಹೊಡೆದಾಡಿದರು. ಅವರ ಹಲ್ಲು ಕಿತ್ತವನು ಷಾ ಅಬ್ಬಾಸ್. 1587ರಿಂದ 1629ರವರೆಗೆ ಆಳಿದ ಅವನು ಜಾರ್ಜಿಯ, ಅರ್ಮೇನಿಯ, ಸರ್ಕೇಸಿಯಗಳಿಂದ ತಂದ ಗುಲಾಮರ ಪಡೆಯನ್ನು ಬೆಳೆಸಿದ, ಅವರನ್ನೇ ಪ್ರಾಂತಗಳಿಗೆ ಅಧಿಕಾರಿಗಳನ್ನಾಗಿ ಮಾಡಿದ. ಅವರ ಸಂಬಳಕ್ಕೆ ಕಿಜಿಲ್‌ಬಾಷ್‌ರ ಕೈಯಲ್ಲಿದ್ದ ಪ್ರಾಂತಗಳನ್ನು ಕಿತ್ತು ಖಾಸಾ ಜಮೀನಿಗೆ, ಅಂದರೆ ಷಾನ ಸ್ವಂತ ಜಮೀನಿಗೆ, ಸೇರಿಸಿಕೊಂಡ. ರೇಷ್ಮೆ ವ್ಯಾಪಾರವನ್ನು ತನ್ನ ಕೈಗೆ ತೆಗೆದುಕೊಂಡ. ಅದಕ್ಕಾಗಿ ಜುಲ್ಫಾ ಊರಿನ ಅರ್ಮೇನಿಯನ್ ಕ್ರೈಸ್ತ ವರ್ತಕರನ್ನು ಬಲವಂತವಾಗಿ ಎಬ್ಬಿಸಿ ಇಸ್ಫಹಾನ್‌ಗೆ ತಂದು ಹೊಸ ಜುಲ್ಫಾ ಕಟ್ಟಿಕೊಟ್ಟ. ದಾರಿಯಲ್ಲಿ ಸತ್ತವರು ಬಹಳ. ಉಳಿದವರ ಚರ್ಚು ಇಂದಿಗೂ ಇಸ್ಫಹಾನ್‌ನಲ್ಲಿದೆ.

ಮೊಘಲರಲ್ಲಿ ಈ ಕೆಲಸ ಅಕ್ಬರನ ಪಾಲಿಗೆ ಬಂತು. ಅವನ ಮನ್ಸಬ್ ಪದ್ಧತಿಯಲ್ಲಿ ಪ್ರತಿ ಸರದಾರನಿಗೂ ಒಂದು ಅಂಕಿ. ಹತ್ತರಿಂದ ಐದು ಸಾವಿರದವರೆಗೆ, ರಾಜಕುಮಾರರಿಗೆ ಅದಕ್ಕೂ ಮೇಲೆ. ಸಂಬಳ, ದರ್ಬಾರಿನಲ್ಲಿ ನಿಲ್ಲುವ ಜಾಗ, ಸಾಕಬೇಕಾದ ಸವಾರರು ಎಲ್ಲದರ ಲೆಕ್ಕ ಅಂಕಿಯ ಮೇಲೆ. ಅಪ್ಪನ ಅಂಕಿ ಮಗನಿಗೆ ಸಿಗದು. ಸಂಬಳದ ಬದಲು ಕೊಟ್ಟ ಜಹಗೀರನ್ನು ಮೂರ್ನಾಲ್ಕು ವರ್ಷಕ್ಕೊಮ್ಮೆ ಬದಲಾಯಿಸುತ್ತಿದ್ದರು, ಒಂದೇ ಕಡೆ ಬೇರು ಬಿಡಬಾರದು ಅಂತ. ಮೋಸ ಇರಲೇಬೇಕಲ್ಲ, ಇತ್ತು. ತಪಾಸಣೆಯ ದಿನ ಸರದಾರರು ಬಜಾರಿನಿಂದ ಯಾರನ್ನೋ ಹಿಡಿದು, ಬಾಡಿಗೆ ಕುದುರೆ ಹತ್ತಿಸಿ ತೋರಿಸುತ್ತಿದ್ದರು. ಅದಕ್ಕೆ 1570ರ ದಶಕದಲ್ಲಿ ಕುದುರೆಗಳಿಗೆ ಬರೆ ಹಾಕಿ ಗುರುತು ಮಾಡುವುದನ್ನು ಕಡ್ಡಾಯ ಮಾಡಿದರು. ಸವಾರನ ಮುಖಚಹರೆಯನ್ನೂ ಬರೆದಿಟ್ಟುಕೊಂಡರು. ಸರದಾರರು ಎಷ್ಟು ಗೊಣಗಿದರೋ!

ಇವರಿಗೆಲ್ಲ ಕೊಡುವ ದುಡ್ಡು ರೈತನ ಹೊಲದಿಂದ ಬರಬೇಕು. ಹೊಲದ ಅಳತೆ ಸರಿ ಇರಬೇಕು. ಅಕ್ಬರನ ಆಸ್ಥಾನದ ಅಬುಲ್ ಫಜಲ್ ಬರೆದ ಆಡಳಿತದ ವಿವರಗಳಲ್ಲಿ ಇದರ ಬಗ್ಗೆ ಒಂದು ಸಣ್ಣ ಸಂಗತಿ ಇದೆ. ಮೊದಲು ಹೊಲವನ್ನು ನಾರಿನ ಹಗ್ಗದಿಂದ ಅಳೆಯುತ್ತಿದ್ದರು. ಬೆಳಗ್ಗೆ ಇಬ್ಬನಿಗೆ ನೆನೆದರೆ ಹಗ್ಗ ಕುಗ್ಗುತ್ತಿತ್ತು, ಆಗ ಹೊಲ ಇದ್ದದ್ದಕ್ಕಿಂತ ಜಾಸ್ತಿ ಅಳತೆಗೆ ಬಂದು ರೈತನಿಗೆ ನಷ್ಟ. ಸಂಜೆಗೆ ಒಣಗಿ ಉದ್ದವಾದರೆ ಹೊಲ ಕಮ್ಮಿಯಾಗಿ ಖಜಾನೆಗೆ ನಷ್ಟ. ಅಕ್ಬರನ ಆಡಳಿತ ಹಗ್ಗವನ್ನು ಬಿಟ್ಟು, ಬಿದಿರಿನ ತುಂಡುಗಳನ್ನು ಕಬ್ಬಿಣದ ಬಳೆಗಳಿಂದ ಜೋಡಿಸಿದ ಅಳತೆಗೋಲು ತಂದಿತು. ಬಿದಿರು ಇಬ್ಬನಿಗೆ ಜಗ್ಗುವುದಿಲ್ಲ. ಮೇಲೆ ಅಕ್ಬರನ ಕಂದಾಯ ಮಂತ್ರಿ ತೋದರಮಲ್ಲನ ಲೆಕ್ಕ: 1580ರ ಹೊತ್ತಿಗೆ ಹತ್ತು ವರ್ಷದ ಬೆಳೆ ಮತ್ತು ಬೆಲೆಗಳ ಸರಾಸರಿ ತೆಗೆದು, ಬೆಳೆಯ ಮೂರನೇ ಒಂದು ಪಾಲನ್ನು ನಗದಿನಲ್ಲಿ ಕಟ್ಟುವ ದರ ಗೊತ್ತುಮಾಡಿದರು. ಪ್ರತಿವರ್ಷ ಬಿತ್ತುವ ಹೊಲಕ್ಕೆ ಒಂದು ಲೆಕ್ಕ, ಮೂರ್ನಾಲ್ಕು ವರ್ಷ ಬೀಳು ಬಿಟ್ಟದ್ದಕ್ಕೆ ಬೇರೆ ಲೆಕ್ಕ. ಇದರಲ್ಲಿ ಬಹಳಷ್ಟು ಶೇರ್ ಷಾನ ಕಾಲದಲ್ಲೇ ಶುರುವಾಗಿತ್ತು. ತಮ್ಮನ್ನು ಸೋಲಿಸಿದವನ ದಫ್ತರವನ್ನೇ ಮೊಘಲರು ಮುಂದುವರಿಸಿದರು. ಮೂರನೇ ಒಂದು ಪಾಲು ರೈತನಿಗೆ ಹಗುರವೇನೂ ಆಗಿರಲಿಲ್ಲ ಬಿಡಿ.

ಪಟ್ಟಕ್ಕೆ ಯಾರು ಅನ್ನುವ ಪ್ರಶ್ನೆಗೆ ಮಾತ್ರ ಮೂವರಲ್ಲೂ ಒಳ್ಳೆಯ ಉತ್ತರ ಸಿಗಲಿಲ್ಲ. ರಾಜ್ಯ ಹೋಳಾಗಬಾರದು ಅಂತ ಆಟೊಮನ್ನರು ಸೋದರರನ್ನು ಕೊಲ್ಲುವುದನ್ನೇ ಕಾನೂನು ಮಾಡಿದರು. 1595ರಲ್ಲಿ ಮೂರನೇ ಮೆಹಮದ್ ಪಟ್ಟವೇರಿದ ದಿನಗಳಲ್ಲೇ 19 ಮಂದಿ ತಮ್ಮಂದಿರನ್ನು ಕೊಲ್ಲಿಸಿದ. ಆಮೇಲೆ ಜನಕ್ಕೂ ಅದು ಸಾಕೆನಿಸಿತು. ರಾಜಕುಮಾರರನ್ನು ಅರಮನೆಯಲ್ಲೇ ಕೂಡಿಹಾಕುವ ಪದ್ಧತಿ ಬಂತು. ಪ್ರಪಂಚವನ್ನೇ ನೋಡದವರು ಸುಲ್ತಾನರಾದರು. ಷಾ ಅಬ್ಬಾಸ್ ಒಬ್ಬ ಮಗನನ್ನು ಕೊಲ್ಲಿಸಿ ಇಬ್ಬರ ಕಣ್ಣು ಕೀಳಿಸಿದ, ಕೊನೆಗೆ ಪಟ್ಟ ಮೊಮ್ಮಗನಿಗೆ ಹೋಯಿತು. ಮೊಘಲರ ದಾಯಾದಿ ಕಾಳಗ, ಔರಂಗಜೇಬ್ ಮತ್ತು ಅವನ ಅಣ್ಣ ದಾರಾನ ಕತೆ ನಮಗೆಲ್ಲ ಗೊತ್ತಿರುವುದೇ.

ಧರ್ಮದ ವಿಷಯಕ್ಕೆ ಬಂದರೆ, ಅತಿ ದೊಡ್ಡ ಪರಿಣಾಮ ಬೀರಿದವರು ಚಿಕ್ಕವರಾದ ಸಫಾವಿಗಳು. 1501ರವರೆಗೆ ಇರಾನಿನಲ್ಲಿ ಹೆಚ್ಚಿನವರು ಸುನ್ನಿಗಳು. ಇಸ್ಮಾಯಿಲ್ ಹನ್ನೆರಡು ಇಮಾಮರ ಷಿಯಾ ಪಂಥವನ್ನು ರಾಜಧರ್ಮ ಎಂದು ಸಾರಿದ. ಬಲವಂತವೂ ಇತ್ತು, ಕೊಲೆಗಳೂ ನಡೆದವು. ಪಂಥ ಕಲಿಸಲು ಗುರುಗಳೇ ಸಾಲದೆ ಈಗಿನ ಲೆಬನಾನಿನ ಜಬಲ್ ಆಮಿಲ್ ಕಡೆಯಿಂದ ಪಂಡಿತರನ್ನು ಕರೆಸಿಕೊಂಡರು. ಸುದ್ದಿ ದಖ್ಖನಿಗೆ ಬೇಗ ಮುಟ್ಟಿತು. ಎರಡು ವರ್ಷ ಆಗುವಷ್ಟರಲ್ಲಿ ಬಿಜಾಪುರದ ಯೂಸುಫ್ ಆದಿಲ್ ಖಾನ್ ತನ್ನ ಮಸೀದಿಯಲ್ಲಿ ಷಿಯಾ ರೀತಿಯ ಖುತ್ಬಾ, ಅಂದರೆ ಶುಕ್ರವಾರದ ಪ್ರವಚನ, ಓದಿಸಿದ. ಉತ್ತರದ ಸುನ್ನಿ ಮೊಘಲರಿಗೂ ದಖ್ಖನಿನ ಸುಲ್ತಾನರಿಗೂ ಮುಂದೆ ಬೆಳೆದ ಮುನಿಸಿಗೆ ಇದೂ ಒಂದು ಎಳೆ.

ಆದರೆ ಸುನ್ನಿ-ಷಿಯಾ ಜಗಳ ಅಂತ ಎಲ್ಲವನ್ನೂ ಒಂದೇ ಗೆರೆಯಲ್ಲಿ ವಿವರಿಸಲು ಹೋದರೆ ಎಡವುತ್ತೇವೆ. ಚಾಲ್ದಿರಾನ್‌ನಲ್ಲಿ ಎದುರುಬದುರಾದ ಇಬ್ಬರೂ ಕವಿಗಳು. ತುರ್ಕಿ ಸುಲ್ತಾನ ಸೆಲೀಮ್ ಬರೆದದ್ದು ಪಾರ್ಸಿಯಲ್ಲಿ, ಇರಾನಿನ ಷಾ ಇಸ್ಮಾಯಿಲ್ ಬರೆದದ್ದು ತುರ್ಕಿಯಲ್ಲಿ! ಸುನ್ನಿ ಹುಮಾಯೂನನಿಗೆ ಆಶ್ರಯ, ಸೈನ್ಯ ಎರಡೂ ಕೊಟ್ಟವನು ಷಿಯಾ ತಹಮಾಸ್ಪ್. ಆಮೇಲೆ ಹುಮಾಯೂನ್ ಅಲ್ಲಿನ ಮೀರ್ ಸಯ್ಯದ್ ಅಲಿ, ಅಬ್ದುಸ್ಸಮದ್ ಎಂಬ ಚಿತ್ರಕಾರರನ್ನೂ ಕರೆಸಿಕೊಂಡ. ಮೊಘಲ್ ಚಿತ್ರಕಲೆ ಅವರಿಂದ ಶುರು.

ಬೇರೆ ಧರ್ಮದ ಪ್ರಜೆಗಳ ವಿಷಯದಲ್ಲಿ ಮೂರೂ ರಾಜ್ಯಗಳು ಲೆಕ್ಕ ಹಾಕಿಯೇ ನಡೆದವು. ಸ್ಪೇನ್ 1492ರಲ್ಲಿ ಹೊರದಬ್ಬಿದ ಯಹೂದಿಗಳನ್ನು ಆಟೊಮನ್ನರು ಬರಮಾಡಿಕೊಂಡರು, ಜೊತೆಗೆ ಮುಸ್ಲಿಮೇತರರಿಂದ ಜಿಜಿಯಾ ತೆರಿಗೆಯನ್ನೂ ವಸೂಲು ಮಾಡಿದರು. ಅಕ್ಬರ್ 1564ರಲ್ಲಿ ಜಿಜಿಯಾ ತೆಗೆದ, ಔರಂಗಜೇಬ್ 1679ರಲ್ಲಿ ಮತ್ತೆ ಹಾಕಿದ. ಸುಮ್ನೆ 'ಸಹಿಷ್ಣುಗಳು' ಅಥವಾ 'ಮತಾಂಧರು' ಎಂದು ಒಂದೇ ಪದದಲ್ಲಿ ಮುಗಿಸಿದರೆ ಇನ್ನೂರು ಮುನ್ನೂರು ವರ್ಷಗಳ ಏರಿಳಿತ ಕಾಣದೇ ಹೋಗುತ್ತದೆ.

ದುಡ್ಡಿನ ಕತೆಯೂ ಇದೆ. ಸ್ಪೇನಿನವರು ಅಮೆರಿಕದ ಪೊಟೊಸಿ ಗಣಿಯಿಂದ ತೋಡಿದ ಬೆಳ್ಳಿ ಯುರೋಪಿಗೆ ಬಂದು, ಅಲ್ಲಿಂದ ಆಟೊಮನ್ ಬಂದರುಗಳಿಗೆ, ಇರಾನಿಗೆ, ಕೊನೆಗೆ ಸೂರತ್‌ಗೆ ಹರಿಯಿತು. ಭಾರತದ ಬಟ್ಟೆ, ನೀಲಿ, ಮೆಣಸು ಕೊಳ್ಳಲು ಯುರೋಪಿನವರ ಹತ್ತಿರ ಬೆಳ್ಳಿ ಬಿಟ್ಟು ಬೇರೆ ಸರಕಿರಲಿಲ್ಲ. ಆ ಬೆಳ್ಳಿ ಮೊಘಲ್ ಟಂಕಸಾಲೆಯಲ್ಲಿ ಕರಗಿ ರೂಪಾಯಿಯಾಯಿತು. ರೈತ ಕಂದಾಯವನ್ನು ನಗದಿನಲ್ಲಿ ಕಟ್ಟಲು ಸಾಧ್ಯವಾದದ್ದಕ್ಕೆ ಇದೂ ಕಾರಣ. ಆದರೆ ಅದೇ ಕಾಲದಲ್ಲಿ ಇಸ್ತಾಂಬುಲ್‌ನಲ್ಲಿ ಬೆಲೆಗಳು ಏರಿದವು, 1580ರ ದಶಕದಲ್ಲಿ ಸುಲ್ತಾನರು ನಾಣ್ಯದಲ್ಲಿ ಬೆಳ್ಳಿ ಕಡಿಮೆ ಮಾಡಿದರು. ಕಳಪೆ ನಾಣ್ಯದಲ್ಲಿ ಸಂಬಳ ಪಡೆದ ಜಾನಿಸರಿಗಳು 1589ರಲ್ಲಿ ದಂಗೆ ಎದ್ದರು. ರಾಜನೇ ಎಲ್ಲ ಎಂದು ಬೆಳೆಸಿದ ಪಡೆ ರಾಜನ ಕೊರಳಪಟ್ಟಿ ಹಿಡಿಯಿತು.

ಇಳಿಗಾಲ ಮೂವರಿಗೂ ಬೇರೆಬೇರೆ. 1722ರಲ್ಲಿ ಅಫ್ಘಾನರ ಮುತ್ತಿಗೆಗೆ ಇಸ್ಫಹಾನ್ ಹಸಿವಿನಿಂದ ಶರಣಾಯಿತು. ಆಟೊಮನ್ನರು 1683ರಲ್ಲಿ ವಿಯೆನ್ನಾ ಎದುರು ಸೋತರೂ 1922ರವರೆಗೆ ಎಳೆದುಕೊಂಡು ಹೋದರು. ಅವರ ಹೆಸರಿಗೆ ದೂರದಲ್ಲೂ ಬೆಲೆ ಇತ್ತು, 1780ರ ದಶಕದಲ್ಲಿ ಟಿಪ್ಪು ಮಾನ್ಯತೆ ಕೋರಿ ಶ್ರೀರಂಗಪಟ್ಟಣದಿಂದ ಇಸ್ತಾಂಬುಲ್‌ಗೆ ರಾಯಭಾರಿಗಳನ್ನು ಕಳಿಸಿದ್ದ.

ಮೊಘಲರ ಗಂಟು ಬಿಚ್ಚಿದ್ದು ನಮ್ಮ ಕಡೆಯೇ. ಔರಂಗಜೇಬ್ 1681ರಲ್ಲಿ ದಖ್ಖನಿಗೆ ಇಳಿದವನು 1707ರಲ್ಲಿ ಇಲ್ಲೇ ಸತ್ತ, ಉತ್ತರಕ್ಕೆ ಮರಳಲೇ ಇಲ್ಲ. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಸೇರಿದವು. ಗೆದ್ದ ಕೂಡಲೇ ಅಲ್ಲಿನ ಸರದಾರರನ್ನು ಒಲಿಸಿಕೊಳ್ಳಬೇಕು, ಮರಾಠ ಸರದಾರರಿಗೂ ಆಸೆ ತೋರಿಸಬೇಕು. ಎಲ್ಲರಿಗೂ ಮನ್ಸಬ್ ಕೊಟ್ಟರು. ಅಂಕಿ ಬರೆಯುವುದಕ್ಕೇನು, ಕಾಗದ ಸಾಕು. ಆ ಅಂಕಿಗೆ ತಕ್ಕ ಜಹಗೀರು ಎಲ್ಲಿಂದ ತರುವುದು? ಯುದ್ಧದಲ್ಲಿ ಹಾಳಾದ ದಖ್ಖನಿನ ಹಳ್ಳಿಗಳಿಂದ ಕಂದಾಯ ಏಳುತ್ತಿರಲಿಲ್ಲ. ಆದೇಶ ಕೈಯಲ್ಲಿ ಹಿಡಿದು ವರ್ಷಗಟ್ಟಲೆ ಕಾಯುವ ಸರದಾರರ ಸಾಲು ಬೆಳೆಯಿತು. 'ಒಂದು ದಾಳಿಂಬೆ, ನೂರು ರೋಗಿಗಳು' ಅನ್ನುವ ಮಾತು ಆ ಕಾಲದ ಬರಹಗಳಲ್ಲಿ ಬರುತ್ತದೆ. ಜಹಗೀರು ಸಿಕ್ಕವನು ಬೇರೆಯವನ ಕೈಗೆ ಹೋಗುವ ಮೊದಲು ಹಿಂಡಿಕೊಳ್ಳೋಣ ಎಂದು ರೈತನ ಮೇಲೆ ಬಿದ್ದ. ಬೇರು ಬಿಡಬಾರದು ಅಂತ ಮಾಡಿದ್ದ ಏರ್ಪಾಡೇ ಬುಡಕ್ಕೆ ಕೊಡಲಿಯಾಯಿತು. ನಾದಿರ್ ಷಾ 1739ರಲ್ಲಿ ದೆಹಲಿ ಲೂಟಿ ಮಾಡುವ ಹೊತ್ತಿಗೆ ಬಂಗಾಳ, ಅವಧ್, ಹೈದರಾಬಾದ್ ಹೆಸರಿಗಷ್ಟೇ ಮೊಘಲರವು.

ದಫ್ತರ ಮಾತ್ರ ಬೇಗ ಸಾಯಲಿಲ್ಲ. ಆಟೊಮನ್ ಮತ್ತು ಸಫಾವಿಗಳು 1639ರಲ್ಲಿ ಬರೆದುಕೊಂಡ ಗಡಿ, ಸ್ವಲ್ಪ ಆಚೀಚೆ ಆಗಿ, ಇಂದಿನ ಇರಾನಿನ ಪಶ್ಚಿಮ ಗಡಿಯೇ. ಇತ್ತ ಈಸ್ಟ್ ಇಂಡಿಯಾ ಕಂಪನಿ 1757ರಲ್ಲಿ ಪ್ಲಾಸಿ, 1764ರಲ್ಲಿ ಬಕ್ಸರ್ ಗೆದ್ದಿತ್ತು. ತೋಪೂ ಅದರ ಹತ್ತಿರವೇ ಇತ್ತು. ಆದರೂ 1765ರಲ್ಲಿ, ಶಕ್ತಿಯೇ ಇಲ್ಲದ ಮೊಘಲ್ ಬಾದಷಹ ಷಾ ಆಲಮ್‌ನಿಂದ ದಿವಾನಿ ಫರ್ಮಾನು, ಅಂದರೆ ಬಂಗಾಳದ ಕಂದಾಯ ಎತ್ತುವ ಹಕ್ಕಿನ ಆದೇಶ, ಬರೆಸಿಕೊಂಡಿತು. ಷಾ ಆಲಮ್ 1806ರಲ್ಲಿ ತೀರಿಕೊಂಡ. ಬಂಗಾಳದ ಕಂಪನಿ ರೂಪಾಯಿಯ ಮೇಲೆ ಅವನ ಹೆಸರು 1835ರವರೆಗೂ ಅಚ್ಚಾಗುತ್ತಲೇ ಇತ್ತು.